ನಾನು ಬಂದ ದಿನ ಗೆದ್ದ ಆಟ

ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಒಂದು ನೆನಪಿತ್ತು. ನಾನು ಮುಂಡರಗಿಯಿಂದ ಸೊಸೆಯಾಗಿ ಬಂದು, ಲಕ್ಷ್ಮೇಶ್ವರದ ಈ ಮನೆಯ ಹೊಸ್ತಿಲ ಮೇಲಿಟ್ಟಿದ್ದ ಅಕ್ಕಿಯ ಸೇರನ್ನು ಕಾಲಿನಿಂದ ಒಳಕ್ಕೆ ಚೆಲ್ಲಿದ ದಿನ, ಅದೇ ಬೆಳಿಗ್ಗೆ, ಅಮೆರಿಕದ ಯಾವುದೋ ಊರಿನಲ್ಲಿ ನನ್ನ ಮಾವನವರ ಬಾಸ್ಕೆಟ್‌ಬಾಲ್ ತಂಡ ಬಹಳ ದಿನಗಳ ಸೋಲಿನ ನಂತರ ಗೆದ್ದಿತು. ಆಮೇಲೆ ಗೆಲ್ಲುತ್ತಲೇ ಹೋಯಿತು. ಕಾರಣ, ಸೊಸೆಯ ಕಾಲ್ಗುಣ.

ಇದು ತಮಾಷೆಯ ಮಾತು ಎಂದು ಓದುವವರಿಗೆ ಅನ್ನಿಸಬಹುದು. ನನಗೂ ವರ್ಷಗಟ್ಟಲೆ ಹಾಗೆಯೇ ಅನ್ನಿಸಿತ್ತು. ಆದರೆ ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮದುವೆ ಈ ಒಂದು ನೆನಪಿನ ಮೇಲೆ ಗೊತ್ತಾಯಿತು, ಇದೇ ನೆನಪಿನ ದೆಸೆಯಿಂದ ಮುರಿದು ಬೀಳುವುದಕ್ಕೂ ಬಂತು. ಅದನ್ನೇ ಬರೆಯಲು ಕುಳಿತಿದ್ದೇನೆ. ಕ್ರಮವಾಗಿ ಬರೆದರೆ ಎಲ್ಲವೂ ಮೊದಲೇ ನಿಶ್ಚಯವಾಗಿತ್ತು ಅನ್ನುವ ಹಾಗೆ ಕಾಣುತ್ತದೆ. ಹಾಗೆ ಇರಲಿಲ್ಲ. ನಡೆಯುತ್ತಿದ್ದಾಗ ಮುಂದೇನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾವನವರು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಶಾಲೆಯ ಹಿಂದೆ ಎರಡು ಕಂಬ, ಕಂಬಕ್ಕೆ ಹಲಗೆ, ಹಲಗೆಗೆ ಬಲೆಯಿಲ್ಲದ ಕಬ್ಬಿಣದ ರಿಂಗು. ಅಲ್ಲಿ ಅವರು ತಮ್ಮ ಕೆಲಸದ ಕಾಲವನ್ನೆಲ್ಲ ಕಳೆದರು. ನಿವೃತ್ತಿಯ ನಂತರ ಅವರಿಗೆ ಉಳಿದದ್ದು ಟಿವಿಯಲ್ಲಿ ಬರುವ ಅಮೆರಿಕದ ವೃತ್ತಿಪರ ಲೀಗು, ಅದರಲ್ಲೂ ಒಂದೇ ತಂಡ. ಆ ತಂಡವೇ ಯಾಕೆ ಎಂದು ಕೇಳಿದರೆ ಒಮ್ಮೆ, ಅದರ ಅಂಗಿಯ ಬಣ್ಣ ನಮ್ಮ ಶಾಲೆಯ ಬಣ್ಣ ಅನ್ನುವರು. ಇನ್ನೊಮ್ಮೆ, ಮೊಟ್ಟಮೊದಲು ನೋಡಿದ ಆಟ ಅವರದ್ದೇ ಆಗಿತ್ತು ಅನ್ನುವರು. ಮತ್ತೊಮ್ಮೆ, ಅದರ ಹಳೆಯ ಕೋಚು ಥೇಟ್ ನಮ್ಮ ಹೆಡ್ಮಾಸ್ತರರ ಹಾಗೆ ಮೂಗು ತಿಕ್ಕಿಕೊಳ್ಳುತ್ತಿದ್ದ ಅನ್ನುವರು. ಮೂರನ್ನೂ ಅಷ್ಟೇ ಖಚಿತವಾಗಿ ಹೇಳುವರು.

ಅಲ್ಲಿಯ ಸಂಜೆ ನಮಗೆ ಬೆಳಿಗ್ಗೆ. ಹಾಲಿನವನು ಬಂದು ಹೋಗುವ ಹೊತ್ತಿಗೆ ಆಟ ಶುರುವಾಗುತ್ತಿತ್ತು. ಪಡಸಾಲೆಯಲ್ಲಿ ಮಾವನವರು ಕುರ್ಚಿಯಲ್ಲಿ, ಅವರ ಪಕ್ಕ ನೆಲದ ಮೇಲೆ ನನ್ನ ಮೈದುನ. ಅವನು ಕರೆಂಟಿನ ಕಂಪನಿಯಲ್ಲಿ ಲೈನ್‌ಮನ್. ಕೆಲಸಕ್ಕೆ ಹೋಗುವ ಖಾಕಿ ಪ್ಯಾಂಟಿನಲ್ಲೇ ಕುಳಿತು ಅಪ್ಪನ ಜೊತೆ ನೋಡುತ್ತಿದ್ದ. ನನ್ನ ಗಂಡನಿಗೆ ಬೀಜದ ಅಂಗಡಿಯ ಹೊರತು ಬೇರೆ ಆಟ ಗೊತ್ತಿಲ್ಲ, ಅಷ್ಟರಲ್ಲಿ ಎದ್ದು ಹೋಗಿರುತ್ತಿದ್ದ. ಅಡಿಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು, ಟಿವಿಯಲ್ಲಿ ಚೆಂಡು ನೆಲಕ್ಕೆ ಬಡಿಯುವ ಸದ್ದು. ಹೊಸದಾಗಿ ಬಂದಾಗ ಒಂದನ್ನು ಇನ್ನೊಂದರಿಂದ ಬಿಡಿಸಿಕೊಳ್ಳುವುದಕ್ಕೆ ನನಗೆ ಆಗುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಚಹಾ ತಂದೆ. ಆಟ ಕೊನೆಯ ಕ್ವಾರ್ಟರಿಗೆ ಬಂದಿತ್ತು, ನಮ್ಮವರು ಹಿಂದಿದ್ದರು. ನಾನು ಕಪ್ಪು ಇಡಲು ಬಗ್ಗಿದಾಗ ನಮ್ಮವನೊಬ್ಬ ದೂರದಿಂದ ಎಸೆದ ಚೆಂಡು ಬಲೆಗೆ ಬಿತ್ತು. ಮಾವನವರು ನನ್ನ ಕಡೆ ನೋಡದೆ ಕೈ ಮಾಡಿದರು.

"ಅಲ್ಲೇ ಕುಂಡ್ರವಾ. ಏಳಬ್ಯಾಡ."

"ಒಲಿ ಮ್ಯಾಲ ಹಾಲು ಐತ್ರಿ ಮಾವಾರ."

"ಉಕ್ಕಲಿ ಬಿಡು."

ಹಾಲು ಉಕ್ಕಿತು. ನಮ್ಮವರು ಗೆದ್ದರು. ಅಂದಿನಿಂದ ದೇವರಮನೆಯ ಬಾಗಿಲ ಪಕ್ಕ ಒಂದು ಮಣೆಯ ಮೇಲೆ ನನ್ನ ಜಾಗ ಗೊತ್ತಾಯಿತು.

ಕುಳಿತವಳಿಗೆ ಆಟ ಅಂಟಿಕೊಂಡಿತು. ಮಾವನವರು ಮಸಾಲೆ ಡಬ್ಬಿಗಳನ್ನು ತರಿಸಿ ನೆಲದ ಮೇಲಿಟ್ಟು ಕಲಿಸಿದರು. ಅರಿಶಿನದ ಡಬ್ಬಿ ಅಡ್ಡ ನಿಲ್ಲಬೇಕು, ಜೀರಿಗೆಯದು ಅದರ ಹಿಂದಿನಿಂದ ನುಸುಳಬೇಕು, ಉಪ್ಪಿನ ಡಬ್ಬಿ ಮೋಸ ಹೋಗಬೇಕು. ಇದೆಲ್ಲ ತಿಳಿಯಿತು, ಆದರೆ ನನ್ನನ್ನು ಹಿಡಿದದ್ದು ಬೇರೆ. ಚೆಂಡನ್ನು ಬಿಟ್ಟ ಮೇಲೂ ಆಟಗಾರನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಉಳಿಯುತ್ತದೆ, ಮಣಿಕಟ್ಟು ಬಾಗಿರುತ್ತದೆ. ಬಿಟ್ಟಾಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ. ಆ ಕೈ ನೋಡುತ್ತಾ ಚೆಂಡು ಎಲ್ಲಿ ಬಿತ್ತೆಂಬುದನ್ನೇ ಮರೆಯುತ್ತಿದ್ದೆ.

ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಲಗ್ನಪತ್ರಿಕೆ, ಕ್ಯಾಲೆಂಡರು, ಮಠದ ಪುಸ್ತಕಗಳು. ಆಟ ಮುಗಿಸಿ ಮುಳಗುಂದದ ಮೇಲಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಗೆದ್ದ ದಿನ ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯುತ್ತಿರಲಿಲ್ಲ. ಸೋತ ದಿನ ಒಂದು ಲಗ್ನಪತ್ರಿಕೆಯಲ್ಲಿ ವರನ ಅಪ್ಪನ ಹೆಸರೇ ಬಿಟ್ಟುಹೋಗಿದ್ದನ್ನು ನೋಡದೆ ದಾಟಿಸಿದೆ. ಮುದ್ರಣಾಲಯದ ಯಜಮಾನರು ಹಾಳೆ ಹಿಡಿದುಕೊಂಡು ಬಂದು, "ಏನ್ರೀ ಬಾಯಾರ, ಇವತ್ತ ನಿಮ್ಮವ್ರು ಹೊಡೆಸಿಕೊಂಡ್ರೇನು?" ಎಂದು ಕೇಳಿದರು. ಅಷ್ಟರ ಮಟ್ಟಿಗೆ ನನ್ನ ಹುಚ್ಚು ಗದಗಿಗೂ ಗೊತ್ತಾಗಿತ್ತು.

ಕಾಲ್ಗುಣದ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು, ಆಗ ನನಗೆ ಅದು ಕಾಣಲಿಲ್ಲ. ಗೆದ್ದರೆ ನನ್ನಿಂದ. ಸೋತರೆ ನಾನು ಅಂದು ತಡವಾಗಿ ಕುಳಿತಿದ್ದೆ, ಅಥವಾ ನಡುವೆ ಎದ್ದಿದ್ದೆ, ಅಥವಾ ತವರಿನಲ್ಲಿದ್ದೆ. ಸೋಲು ಎಂದೂ ನನ್ನ ಕಾಲಿಗೆ ಬರಲಿಲ್ಲ. ಎಡಗೈಯವನನ್ನು ಕೊಟ್ಟುಬಿಟ್ಟಾಗ ಕೂಡ.

ಎಡಗೈಯವನು ನಮ್ಮ ತಂಡದ ಜೀವ. ಹೆಸರು ಹೇಳಲು ಅತ್ತೆಗೆ ನಾಲಿಗೆ ತಿರುಗುತ್ತಿರಲಿಲ್ಲ, ಎಡಗೈಲಿ ಎಸೆಯುತ್ತಾನೆಂದು ಹಾಗೆ ಕರೆದರು, ನಮಗೂ ಅದೇ ಹೆಸರಾಯಿತು. ಅತ್ತೆಗೆ ತಂಡ ಬೇಕಿರಲಿಲ್ಲ, ಅವನೊಬ್ಬ ಬೇಕಿತ್ತು. ಅವನ ಮುಖ ಹತ್ತಿರದಿಂದ ತೋರಿಸಿದಾಗ ಮಾತ್ರ ಒಲೆ ಬಿಟ್ಟು ಬಂದು ನೋಡಿ ಹೋಗುತ್ತಿದ್ದರು. ತಂಗಿಯ ಮದುವೆಯ ಮಾತು ಬರುವ ಹಿಂದಿನ ವರ್ಷ, ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾವನವರು ಫೋನು ಹಿಡಿದು ಅಂಗಳದಲ್ಲಿ ನಿಂತಿದ್ದರು. ನಾನು ಆಗ ಮುಂಡರಗಿಯಿಂದ ಆಗತಾನೆ ಬಂದು ಚೀಲ ಇಳಿಸುತ್ತಿದ್ದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೋ ಎಂದು ಗಾಬರಿಯಾಯಿತು.

"ಕೊಟ್ಟಬಿಟ್ರವಾ ಅವನ್ನ," ಅಂದರು.

ಆ ಲೀಗಿನಲ್ಲಿ ತಂಡಗಳು ಆಟಗಾರರನ್ನು ತಮ್ಮತಮ್ಮಲ್ಲಿ ಬದಲಿ ಮಾಡಿಕೊಳ್ಳುತ್ತವೆ. ನಿನ್ನೆ ನಮ್ಮವನಾಗಿದ್ದವನು ಇಂದು ಎದುರಾಳಿ. ಆಟಗಾರನನ್ನು ಕೇಳಬೇಕೆಂದೇನೂ ಇಲ್ಲ.

"ಸಂತ್ಯಾಗ ಎತ್ತು ಬದಲಿ ಮಾಡಿಕೊಂಡಂಗ ಮಾಡಿಕೊಂಡ್ರೇನು?" ಅತ್ತೆ ಒಳಗಿನಿಂದಲೇ ಕೇಳಿದರು.

"ಎತ್ತಿಗೂ ಒಂದು ಮಾತು ಹೇಳ್ತಾರ. ಇವಗ ಹೇಳಿಲ್ಲಂತ. ಊಟಕ್ಕ ಕುಂತಿದ್ದನಂತ, ಫೋನ್ ಬಂತಂತ."

"ಹಂಗಾರ ಇನ್ನ ನಾ ಆ ಹೊಸಾ ಟೀಮಿನ ಕಡೆ."

"ಏನಂದಿ?"

"ಅಂವ ಎಲ್ಲಿ ಅದಾನೋ ನಾ ಅಲ್ಲಿ. ಕೊಟ್ಟವರು ನೀವು."

ಆ ದಿನ ಮಾವನವರು ಊಟ ಮಾಡಲಿಲ್ಲ. ಸಂಜೆ, ಕಾರಣ ಸಿಕ್ಕವರ ಹಾಗೆ ತಲೆಯಾಡಿಸಿ, "ಸೊಸಿ ಊರಾಗ ಇರಲಿಲ್ಲ ನೋಡು," ಅಂದರು. ನಾನು ನಕ್ಕೆ. ಹೆಮ್ಮೆಯೂ ಆಗಿರಬೇಕು. ಆಗಿತ್ತು.

ಇಷ್ಟಾದರೂ ನಮ್ಮ ತಂಡ ಬೀಳಲಿಲ್ಲ. ಮರುವರ್ಷ, ಎಂದರೆ ಹೋದ ವರ್ಷ, ಪ್ಲೇ ಆಫ್ ದಾಟಿ ಫೈನಲ್ಲಿನ ತನಕ ಬಂತು. ಯುಗಾದಿ ಮುಗಿದಿತ್ತು. ಮಾವನವರು ಒಂದು ಬೆಳಿಗ್ಗೆ ಗೆಲುವಿನ ಖುಷಿಯಲ್ಲಿ ಟಿವಿ ಆರಿಸಿ ಹೇಳಿದರು: "ಅದ ಮನಿಯಿಂದ ಇನ್ನೊಂದು ಹೆಣ್ಣು ತರೋಣು. ಒಬ್ಬಾಕಿ ಬಂದಿದ್ದಕ್ಕ ಇಷ್ಟಾಗೈತಿ."

ಇನ್ನೊಂದು ಹೆಣ್ಣು ಎಂದರೆ ನನ್ನ ತಂಗಿ. ವರ ಎಂದರೆ ನನ್ನ ಮೈದುನ, ಲೈನ್‌ಮನ್. ಅವರಿಬ್ಬರೂ ಅದಾಗಲೇ ಫೋನಿನಲ್ಲಿ ಮಾತಾಡುತ್ತಿದ್ದುದು ನನಗೂ ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದೆವು. ಮೈದುನನಿಗೆ ಅಪ್ಪನ ಮುಂದೆ ಬಾಯಿ ಬರುವುದಿಲ್ಲ. "ಎಷ್ಟೆತ್ತರದ ಕಂಬಾನೂ ಏರ್ತಾನ, ಅಪ್ಪನ ಮುಂದ ಗಂಟಲಾ ಏರಂಗಿಲ್ಲ," ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ಹೀಗಿರುವಾಗ ಅಪ್ಪನೇ ಬಾಯಿಬಿಟ್ಟು ಕೇಳಿದ್ದು ನಮಗೆಲ್ಲ ದೊಡ್ಡ ಅದೃಷ್ಟವಾಗಿ ಕಂಡಿತು. ಮುಂಡರಗಿಯಲ್ಲಿ ಅವ್ವ ಒಪ್ಪಿದಳು. ಫೈನಲ್ ಮುಗಿದ ವಾರವೇ ಐತವಾರ ಸಕ್ಕರೆ ಪುಡಿ ಎಂದು ಗೊತ್ತಾಯಿತು. ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರೆ ಮದುವೆ ಗಟ್ಟಿಯಾದ ಹಾಗೆ. ಅಲ್ಲಿಯ ತನಕ ಬರೀ ಮಾತು.

ತಂಗಿ ಮುಂಡರಗಿಯಲ್ಲಿ ಹೊಲಿಗೆ ಕಲಿಸುತ್ತಾಳೆ. ಸುದ್ದಿ ಹೇಳಿದಾಗ ಫೋನಿನಲ್ಲಿ ನಕ್ಕಳು.

"ಅಕ್ಕಾ, ನಾ ಲೈನ್‌ಮನ್‌ನ ಮದಿವಿ ಆಗಾಕತ್ತೇನೋ, ಚೆಂಡನ್ನೋ?"

"ಯಾವುದಾರ ಆಗು. ಆಗು."

ಫೈನಲ್ಲಿಗೆ ಬಂದ ಎದುರಾಳಿ ತಂಡ ಎಡಗೈಯವನದು. ಅಡಿಗೆಮನೆ ಒಂದು ಕಡೆ, ಪಡಸಾಲೆ ಒಂದು ಕಡೆ ಆಯಿತು. ಆ ಲೀಗಿನಲ್ಲಿ ಫೈನಲ್ ಎಂದರೆ ಒಂದೇ ಆಟವಲ್ಲ, ಏಳು ಆಟಗಳ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್ಪು. ಅದರಲ್ಲಿ ನಮ್ಮವರು ಚೆನ್ನಾಗಿ ಮುಂದಿದ್ದರು, ಇನ್ನೊಂದು ಆಟ ಗೆದ್ದರೆ ಕಪ್ಪು ನಮ್ಮದು. ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗಲಿ, ಗೆಲುವನ್ನೂ ನೋಡಲಿ ಎಂದು ಮಾವನವರೇ ತಂಗಿಯನ್ನು ಕರೆಸಿದರು. ಹೊಲಗಳಲ್ಲಿ ಹೆಸರು ಬಿತ್ತುವ ದಿನಗಳು. ಅವಳು ಯಳವತ್ತಿ ಊರಿನ ಮೇಲೆ ಹಾದು ಬಂದಾಗ ಮಳೆ ಬಿದ್ದು ಎರೆಮಣ್ಣು ಚಪ್ಪಲಿಗೆ ಹತ್ತಿತ್ತಂತೆ, ನಗುತ್ತಾ ಅಂಗಳದಲ್ಲಿ ಕಾಲು ತೊಳೆದಳು.

ಅವಳು ಬಂದ ಮರುಬೆಳಿಗ್ಗೆ ನಮ್ಮವರು ಸೋತರು.

ಮುಂದಿನ ಆಟಕ್ಕೆ ಮಾವನವರು, "ತಂಗೀ, ನೀ ಒಳಗ ಕುಂಡ್ರವಾ, ಅಲ್ಲಿಂದ ಛಲೋ ಕಾಣತೈತಿ," ಅಂದರು. ಅಡಿಗೆಮನೆಯಿಂದ ಟಿವಿಯ ಬೆನ್ನು ಮಾತ್ರ ಕಾಣುತ್ತದೆ. ಅವಳು ಹೋಗಿ ಕುಳಿತಳು. ಮತ್ತೆ ಸೋತರು. ಕೊನೆಯ ಆಟದ ಬೆಳಿಗ್ಗೆ, ಅದೂ ನಗುಮುಖದಿಂದಲೇ, "ಇವತ್ತೊಂದಿನ ಬಾಜೂ ಮನ್ಯಾಗ ಕುಂತಿರತೀಯೇನವಾ?" ಅಂದರು. ತಂಗಿ ನನ್ನ ಮುಖ ನೋಡಿದಳು. ನಾನು ಹೋಗು ಎಂದು ಕಣ್ಣಿನಲ್ಲೇ ಹೇಳಿದೆ. ಆ ಕ್ಷಣದಲ್ಲೂ ನನಗೆ ಅದು ತಮಾಷೆಯಾಗಿತ್ತೋ ಇಲ್ಲವೋ, ಈಗ ನಿಶ್ಚಯವಾಗಿ ಹೇಳಲಾರೆ. ಮೈದುನ ಟಿವಿಯನ್ನೇ ನೋಡುತ್ತಿದ್ದ.

ಆಟದ ಕೊನೆಗೆ ನಮ್ಮವರು ಒಂದೇ ಪಾಯಿಂಟು ಮುಂದೆ. ಸಮಯ ತೀರಿಹೋಗುತ್ತಿತ್ತು, ಚೆಂಡು ಎಡಗೈಯವನ ಕೈಯಲ್ಲಿ. ಅವನು ಇಬ್ಬರ ಮೇಲಿಂದ ಎಸೆದ. ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ಮೇಲಕ್ಕೆ ಹಾರಿತು, ಹಿಂದಿನ ಅಂಚಿಗೆ ಬಡಿಯಿತು, ಮತ್ತೆ ಹಾರಿತು. ಚೆಂಡು ಒಳಗೆ ಬಿತ್ತು.

ಈ ಹೊತ್ತಿಗೆ ತಂಗಿ ಎಲ್ಲಿದ್ದಳು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಚೆಂಡು ಗಾಳಿಯಲ್ಲಿದ್ದಾಗ ಅವಳು ಹೊಸ್ತಿಲಲ್ಲಿ ನಿಂತಿದ್ದಳು ಎಂದು ನನ್ನ ನೆನಪು. ಬಲಗಾಲು ಒಳಗಿಟ್ಟಿದ್ದಳು ಎಂದು ಮಾವನವರು ಹೇಳಿದರು. ಫೋನಿನ ಚಾರ್ಜರಿಗೆ ಬಂದಿದ್ದೆ, ಆಗ ಆಟ ಮುಗಿದೇ ಹೋಗಿತ್ತು ಎಂದು ಅವಳು ಹೇಳುತ್ತಾಳೆ. ಅತ್ತೆಯ ಪ್ರಕಾರ ಟಿವಿ ಆರಿಸುವ ತನಕ ಅವಳು ಬಂದೇ ಇರಲಿಲ್ಲ. ಆದರೆ ಅತ್ತೆ ಆಗ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದು, "ಹಾಕಿದ ನೋಡು ನನ್ನ ಮಗ," ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅವರ ಸಾಕ್ಷಿ ನಂಬುವಂಥದ್ದಲ್ಲ.

ಮಾವನವರು ಟಿವಿ ಆರಿಸಿದರು. ಗೋಡೆಗೆ ಹೇಳುವವರ ಹಾಗೆ ಹೇಳಿದರು: "ಐತವಾರದ್ದು ಸದ್ಯ ಬ್ಯಾಡ. ಮುಂದ ನೋಡೋಣು."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದೇ ಕೇಳಿದೆ. "ಏನು ಬ್ಯಾಡ್ರಿ ಮಾವಾರ?"

"ಸಕ್ಕರಿ ಪುಡಿ. ಒಂದ ಹೊಟ್ಟ್ಯಾಗ ಹುಟ್ಟಿದ್ರೂ ಕಾಲ್ಗುಣ ಬ್ಯಾರೆ ಬ್ಯಾರೆ ಇರತೈತೆವಾ. ನಾ ತಪ್ಪು ತಿಳಕೊಂಡಿದ್ದೆ."

ಸಿಟ್ಟಿನಿಂದ ಹೇಳಿದ್ದರೆ ಇಷ್ಟು ಆಘಾತವಾಗುತ್ತಿರಲಿಲ್ಲ. ಅವರು ಶಾಂತವಾಗಿದ್ದರು. ಸರಿಯಾಗಿ ಆಡದ ಹುಡುಗನನ್ನು ಹೊರಗೆ ಕರೆದು ಇನ್ನೊಬ್ಬನನ್ನು ಕಳಿಸುವಾಗ ಮಾಸ್ತರರ ದನಿ ಹೇಗಿರುತ್ತದೋ ಹಾಗಿತ್ತು. ಬಾಗಿಲಲ್ಲಿ ತಂಗಿ ನಿಂತಿದ್ದಳು. ಇದರ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ, ಅವಳು ಕೇಳಿಸಿಕೊಂಡಳು. ಮೈದುನ ತಲೆ ತಗ್ಗಿಸಿ ಬೂಟಿನ ಲೇಸು ಕಟ್ಟಿಕೊಂಡು, ಅದನ್ನೇ ಮತ್ತೆ ಬಿಚ್ಚಿ ಕಟ್ಟಿಕೊಂಡು, ಕೆಲಸಕ್ಕೆ ಹೋದ.

ನಾನು ಆ ದಿನ ಮುದ್ರಣಾಲಯಕ್ಕೆ ಹೋಗಲಿಲ್ಲ. ತಂಗಿ ಬಟ್ಟೆ ಮಡಚಿಕೊಂಡಳು. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಅವಳು ಅಳುತ್ತಿರಲಿಲ್ಲ, ಅದರಿಂದ ನನಗೆ ಹೆಚ್ಚು ಭಯವಾಯಿತು.

"ಅಕ್ಕಾ, ಆಟದಾಗ ತಪ್ಪು ಮಾಡಿದ್ರ ಸೀಟಿ ಊದತಾರ. ನಂಗ ಸೀಟಿನೂ ಊದಲಿಲ್ಲ."

"ಮಾವಾರಿಗೆ ಸೋತ ಸಂಕಟ. ನಾಳಿ ಸರಿ ಆಗ್ತಾರ."

"ಅವರು ಸರಿ ಆಗತಾರ. ಇಂವ? ಬಾಯಿ ಮುಚ್ಚಿಕೊಂಡು ಲೇಸ್ ಕಟಗೊಂಡ ಹೋದ ನೋಡಿದಿ?"

ಶಿರಹಟ್ಟಿಯ ಬಸ್ಸು ಬಂತು. ಹತ್ತಿದಳು. ಕಿಟಕಿಯಲ್ಲಿ ಮುಖ ಕಾಣಲಿಲ್ಲ.

ಮನೆಗೆ ಬರುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಈಗ ಯೋಚಿಸಿದರೆ ಬೆರಗಾಗುತ್ತದೆ: ಕಾಲ್ಗುಣ ಎಂಬುದೇ ಸುಳ್ಳು ಎಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ಕಾಲ್ಗುಣ ಎಷ್ಟು ದೊಡ್ಡದೆಂದು ತೋರಿಸಿದರೆ ಅದರ ಬಲದಿಂದ ತಂಗಿಯನ್ನೂ ಒಳಗೆ ತರಬಹುದು ಎಂದು ಹೊಳೆಯಿತು. ನಾನು ಬಂದ ದಿನದ ಆಟವನ್ನು ಮಾವನವರಿಗೆ ಮತ್ತೆ ತೋರಿಸಬೇಕು. ಆ ಗೆಲುವು ನೋಡಿದರೆ ಮನಸ್ಸು ಕರಗುತ್ತದೆ. ಲೀಗಿನ ಹಳೆಯ ಆಟಗಳೆಲ್ಲ ನಮ್ಮ ತಾರೀಖಿನ ಪ್ರಕಾರ ಫೋನಿನಲ್ಲಿ ಸಿಗುತ್ತವೆ. ನಾನು ಈ ಮನೆಗೆ ಬಂದ ತಾರೀಖು ಹುಡುಕಿದೆ.

ಆಟ ಶುರುವಾದಾಗಿನಿಂದ ನಮ್ಮವರು ಹಿಂದಿದ್ದರು. ಇನ್ನೇನು ಏಳುತ್ತಾರೆ ಎಂದು ನೋಡುತ್ತಾ ಹೋದೆ. ಏಳಲಿಲ್ಲ. ಕೊನೆಯಲ್ಲಿ ಕೋಚು ಮುಖ್ಯ ಆಟಗಾರರನ್ನೆಲ್ಲ ಹೊರಗೆ ಕೂರಿಸಿ ಹೊಸಬರನ್ನು ಆಡಿಸಿದ. ಅಷ್ಟು ಹೀನಾಯವಾಗಿ ಸೋತಿದ್ದರು.

ತಾರೀಖು ತಪ್ಪಿರಬೇಕು ಅಂದುಕೊಂಡೆ. ನಮ್ಮ ಬೆಳಿಗ್ಗೆ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ, ಆ ಗೊಂದಲ ಯಾವಾಗಲೂ ಇದ್ದದ್ದೇ. ಹಿಂದಿನ ದಿನ ನೋಡಿದೆ, ಆಟವೇ ಇರಲಿಲ್ಲ. ಮುಂದಿನ ಆಟ ನೋಡಿದೆ, ಅದರಲ್ಲಿ ಗೆದ್ದಿದ್ದರು, ಆದರೆ ಅಷ್ಟರಲ್ಲಿ ನಾನು ಮನೆಗೆ ಬಂದು ಎರಡು ದಿನ ಕಳೆದಿದ್ದವು. ಇಷ್ಟು ವರ್ಷ ನಾನು ಕುಳಿತ ಮಣೆಯ ಕೆಳಗೆ ನೆಲವೇ ಇರಲಿಲ್ಲ.

ಅಡಿಗೆಮನೆಗೆ ಹೋದೆ. ಅತ್ತೆ ಸಂಜೆಗೆ ಕಾಳು ಆರಿಸುತ್ತಿದ್ದರು.

"ಅತ್ತೀ, ನಾ ಬಂದ ದಿನ ನಮ್ಮವರು ಗೆದ್ದಿಲ್ಲ. ಸೋತಾರ."

"ಹೌದು," ಅಂದರು, ಕಾಳಿನಿಂದ ಕಣ್ಣು ಎತ್ತದೆ.

"ನಿಮಗ ಗೊತ್ತಿತ್ತೇನ್ರಿ?"

"ನಿಮ್ಮ ಮಾವಾರೇ ಹೇಳಿದ್ರು. ಇದ ಜಾಗಾದಾಗ ನಿಂತು."

ಆಮೇಲೆ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಯಾವ ಏರಿಳಿತವೂ ಇರಲಿಲ್ಲ.

"ನಿಮ್ಮ ದಿಬ್ಬಣದ ಹಿಂದ ಬಂದ ಟೆಂಪೊ ಪಲ್ಟಿ ಆಗಿತ್ತಲ್ಲ. ನಿಮ್ಮ ಮಾವನ ಅಕ್ಕಗ ಕೈ ಮುರೀತು."

"ಅದು ಬೀಗರೂಟಕ್ಕ ಹೋಗುವಾಗ ಅಲ್ಲೇನ್ರಿ?"

"ಅಲ್ಲವಾ. ಆಮ್ಯಾಲ ಹಂಗ ಹೇಳಕೋಂತ ಬಂದ್ವಿ. ಆಗಿದ್ದು ನೀ ಬಂದ ದಿನಾನ. ನೀ ದೇವರ ಮುಂದ ಕುಂತಿದ್ದಿ, ನಿಂಗ ಹೇಳಬ್ಯಾಡ್ರಿ ಅಂದ್ರು ಇವರು. ಪಡಸಾಲ್ಯಾಗ ಹೆಂಗಸರು ಸುರು ಮಾಡಿದ್ದರು. ಕಾಲಿಟ್ಟ ಗಳಿಗಿ ನೋಡ್ರಿ, ಕಾಲಿಟ್ಟ ಗಳಿಗಿ ನೋಡ್ರಿ, ಅಂತ. ಆ ಮಾತು ಒಮ್ಮೆ ಬಾಗಲಾ ದಾಟಿದ್ರ ಮುಗೀತು, ನೀ ಮುದುಕಿ ಆದ್ರೂ ಬಿಡಂಗಿಲ್ಲ. ಇವರು ಎದ್ದು ನಿಂತ್ರು. ಫೋನ್ ಮ್ಯಾಲೆತ್ತಿದ್ರು. ನಮ್ಮ ಟೀಮ್ ಗೆದ್ದೈತಿ, ಎಷ್ಟೋ ದಿನದ ಮ್ಯಾಲ ಗೆದ್ದೈತಿ, ಇದು ಸೊಸಿ ಕಾಲ್ಗುಣ ಅಂದ್ರು. ತಾವ ಹೋಗಿ ಪೇಢೆ ತಂದು ಹಂಚಿದ್ರು. ಅಮೇರಿಕಾದಾಗ ಯಾರ ಗೆದ್ರು ಅಂತ ಇಲ್ಲಿ ಯಾವಕಿಗೆ ಗೊತ್ತು? ಪೇಢೆ ತಿಂದು ಸುಮ್ಮನಾದ್ರು."

ಅತ್ತೆ ಕಾಳಿನಿಂದ ಒಂದು ಹರಳು ಹೆಕ್ಕಿ ಬದಿಗೆ ಹಾಕಿದರು.

"ಆಮ್ಯಾಲ ಒಳಗ ಬಂದು, ಸೋತಾರ, ಯಾರಿಗೂ ಹೇಳಬ್ಯಾಡ ಅಂದ್ರು. ನಾ ಯಾರಿಗೆ ಹೇಳಲಿ."

"ಮಾವಾರಿಗೆ ಇದು ನೆನಪಿಲ್ಲೇನ್ರಿ?"

"ಮೊದಲ ವರ್ಷ ಇತ್ತು. ನಂಗ ನೋಡಿ ನಗ್ತಿದ್ರು. ಮುಂದಿನ ಆಟದಿಂದ ಟೀಮೂ ಖರೇನ ಗೆಲ್ಲಾಕ ಸುರು ಮಾಡ್ತು. ಹೇಳಿ ಹೇಳಿ ಅವರಿಗೇ ಖರೆ ಆತು."

"ನೀವ್ಯಾಕ ಹೇಳಲಿಲ್ಲ?"

"ಛಲೋ ಇತ್ತಲ್ಲವಾ," ಅಂದರು. ಮೊರ ಬದಿಗಿಟ್ಟು ಎದ್ದರು. "ಈಗ ಛಲೋ ಇಲ್ಲ. ಕೊಡು ಆ ಫೋನು."

ಮಾವನವರು ಅಂಗಳದ ಬೇವಿನ ನೆರಳಲ್ಲಿ ಹಗ್ಗದ ಹೊರಸಿನ ಮೇಲೆ ಕುಳಿತಿದ್ದರು. ಸೋತ ದಿನದ ಅವರ ಜಾಗ ಅದು. ಅತ್ತೆ ಹೋಗಿ ಅವರ ಪಕ್ಕವೇ ಕುಳಿತರು. ಅವರಿಬ್ಬರೂ ಒಟ್ಟಿಗೆ ಕುಳಿತು ಒಂದು ಆಟ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿ‌ಲ್ಲ.

"ಇದನ್ನ ನೋಡ್ರಿ."

ಅವರು ನೋಡಿದರು. ಅಂಗಿಯ ಬಣ್ಣ ಕಂಡು ಮುಖ ಅರಳಿತು, ಹಳೆಯ ಆಟಗಾರರ ಹೆಸರು ಹೇಳಿದರು. ಅಂತರ ಬೆಳೆಯುತ್ತಾ ಹೋದಾಗ ಮೀಸೆ ಕಚ್ಚಿದರು. "ಯಾವ ಆಟ ಇದು? ಇಷ್ಟು ಕೆಟ್ಟ ಆಡಿದ್ದು ನಾ ನೋಡೇ ಇಲ್ಲ."

"ಸೊಸಿ ಬಂದ ದಿನದ್ದು."

"ಅಲ್ಲ. ಅದು ಗೆದ್ದೇವಿ."

"ತಾರೀಖು ಓದ್ರಿ."

"ಅಮೇರಿಕಾದ ತಾರೀಖು ಹಿಂದ ಮುಂದ ಇರತೈತಿ."

"ನೋಡೇವ್ರಿ ಮಾವಾರ," ನಾನು ಹೇಳಿದೆ. "ಹಿಂದೂ ನೋಡೀನಿ, ಮುಂದೂ ನೋಡೀನಿ."

ಅವರು ನನ್ನ ಮೇಲೆ ಕಣ್ಣು ತಿರುಗಿಸಿದರು. ಸೊಸೆ ಎದುರಾಡಿದಳೆಂಬ ಸಿಟ್ಟಲ್ಲ ಅದು. ತನ್ನ ಕಡೆಯ ಆಟಗಾರ್ತಿ ತಿರುಗಿ ನಿಂತಾಗಿನ ಗಲಿಬಿಲಿ. ಅತ್ತೆ ಮೆಲ್ಲಗೆ ಕೇಳಿದರು:

"ಅವತ್ತ ಪೇಢೆ ತರಾಕ ಯಾವ ಅಂಗಡಿಗೆ ಹೋಗಿದ್ರಿ?"

"ಬಜಾರದಾಗ..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು.

ಮನುಷ್ಯನಿಗೆ ಒಂದು ಸಂಗತಿ ನೆನಪಾಗುವುದನ್ನು ಹೊರಗಿನಿಂದ ನೋಡಬಹುದೆಂದು ನಾನು ನಂಬಿರಲಿಲ್ಲ. ಆ ಹೊತ್ತಿನಲ್ಲಿ ನೋಡಿದೆ ಅನ್ನಿಸುತ್ತದೆ. ಮೊದಲು ಬಾಯಿ, ಆಮೇಲೆ ಕಣ್ಣು, ಆಮೇಲೆ ಹೆಗಲು. ಹೆಗಲು ಇಳಿದವು. ನಾನು ಕಂಡದ್ದು ಇಷ್ಟೇ. ಅದಕ್ಕೆ ಹೆಚ್ಚಿನ ಅರ್ಥ ಕೊಟ್ಟರೆ ಅದು ನನ್ನದಾಗುತ್ತದೆ, ಅವರದಲ್ಲ. ಫೋನಿನಲ್ಲಿ ಆಟ ಇನ್ನೂ ನಡೆದಿತ್ತು. ಯಾರೂ ನಿಲ್ಲಿಸಲಿಲ್ಲ.

"ಆ ಹೆಂಗಸರು ಅಂದದ್ದನ್ನ ನಾನ ಅಂದ್ನೇನು ಇವತ್ತ?" ಎಂದರು ಕೊನೆಗೆ.

"ಹೌದ್ರಿ," ಅಂದರು ಅತ್ತೆ. "ನೀವ ಅಂದಿರಿ."

ಅವರು ಎದ್ದು ಒಳಗೆ ಹೋದರು. ಮರುದಿನವನ್ನೆಲ್ಲ ಹೊರಸಿನ ಮೇಲೇ ಕಳೆದರು. ಅದರ ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, "ಮುಂಡರಗಿಗೆ ಹೋಗೋಣು. ಅವನೂ ಬರಲಿ," ಎಂದರು. ಅವನು ಎಂದರೆ ಮೈದುನ. ಐತವಾರವೇ ಆಗಿತ್ತು. ನಾನು ತಂಗಿಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದೆ. ಅವಳು, "ಬರಲಿ," ಅಂದಿದ್ದಳು. ಬರಲಿ ಎಂದರೆ ಏನು ಎಂದು ಕೇಳಲು ನನಗೆ ಧೈರ್ಯವಾಗಿರಲಿಲ್ಲ.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಅವರ ಕೈಕೆಳಗೆ ಆಡಿದವನೊಬ್ಬ, ಈಗ ತಲೆ ನರೆತವನು, ಚಹಾದಂಗಡಿಯಿಂದ ಓಡಿಬಂದು ಕಾಲು ಮುಟ್ಟಿದ.

"ಸರ್ರ, ಸೋತ್ರಂತಲ್ರಿ."

"ಸೋತೆ," ಅಂದರು ಮಾವನವರು. ಅವನು ತಂಡದ ಬಗ್ಗೆ ಕೇಳಿದ್ದ.

ತವರುಮನೆಯ ಪಡಸಾಲೆಯಲ್ಲಿ ಅವ್ವ ಚಾಪೆ ಹಾಸಿದ್ದಳು. ಅತ್ತೆ ತಂದ ಸಕ್ಕರೆ ಬಟ್ಟಲು ನಡುವೆ. ತಂಗಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆಯೇ ಕುಳಿತಿದ್ದಳು, ಸೀರೆಯನ್ನೂ ಉಟ್ಟಿರಲಿಲ್ಲ. ಮೈದುನ ಹೊರಗೆ ಕಟ್ಟೆಯ ಬಳಿ ನಿಂತಿದ್ದ.

ಮಾವನವರು ಏನು ಹೇಳಿದರು ಎಂಬುದು ನನಗೆ ಅಕ್ಷರಶಃ ನೆನಪಿಲ್ಲ. ತಪ್ಪಾಯಿತು ಎಂಬ ಶಬ್ದ ಇರಲಿಲ್ಲ ಎಂದು ಅತ್ತೆ ಹೇಳುತ್ತಾರೆ, ಇತ್ತು ಎಂದು ಅವ್ವ. ತಂಡ ಮುಂದೆಯೂ ಸೋಲುತ್ತದೆ, ಅದಕ್ಕೂ ನಿನಗೂ ಸಂಬಂಧವಿಲ್ಲ ಎಂಬ ಅರ್ಥದ ಮಾತನ್ನು ಅವರು ಹೇಳಿದ್ದು ಖರೆ.

ತಂಗಿ ಪೂರಾ ಕೇಳಿಸಿಕೊಂಡಳು. ಆಮೇಲೆ, "ನೀವು ಹೇಳಿದ್ದು ಆತ್ರಿ," ಅಂದಳು. "ನಂಗ ಸಿಟ್ಟಿಲ್ಲ. ಆದ್ರ ನಾ ಮದಿವಿ ಆಗೂದು ನಿಮ್ಮನ್ನಲ್ಲ. ಅವರು ಒಂದು ಮಾತು ಹೇಳಲಿ. ಅವತ್ತಿನಂಗ ಲೇಸ್ ಕಟ್ಟಿಕೋಂತ ಕುಂಡ್ರಬಾರದು."

ಅವ್ವ ಗಾಬರಿಯಾಗಿ ಅವಳ ತೊಡೆ ಚಿವುಟಿದಳು. ಎಲ್ಲರೂ ಬಾಗಿಲ ಕಡೆ ನೋಡಿದೆವು. ಮೈದುನ ಒಳಗೆ ಬಂದ. ಚಪ್ಪಲಿ ಬಿಡುವುದನ್ನು ಮರೆತಿದ್ದ. ಅಪ್ಪನ ಮುಂದೆ ನಿಂತ. ಇವನು ಈಗ ಏನೂ ಹೇಳುವುದಿಲ್ಲ, ಎಲ್ಲ ಮುಗಿಯಿತು ಎಂದು ನನಗೆ ಅನ್ನಿಸಿತು.

"ಅಪ್ಪಾ," ಅಂದ, "ನಂಗ ಆ ಆಟ ಮೊದಲಿಂದನೂ ತಿಳಿಯಂಗಿಲ್ಲ."

"ಏನು ತಿಳಿಯಂಗಿಲ್ಲ?"

"ಏನೂ ತಿಳಿಯಂಗಿಲ್ಲ. ಯಾರ ಯಾವ ಕಡೆ ಅಂತನೂ ಗೊತ್ತಾಗಂಗಿಲ್ಲ. ನಿಮ್ಮ ಮಾರಿ ನೋಡಿ ಗೆದ್ರು, ಸೋತ್ರು ಅಂತ ತಿಳಕೊಂತಿದ್ದೆ. ಇನ್ನ ಮ್ಯಾಲ ನಾ ಕುಂಡ್ರಂಗಿಲ್ಲ. ಇಕಿ ಎಲ್ಲಿ ಕುಂಡ್ರತಾಳೋ ಅಲ್ಲಿ ಕುಂಡ್ರತೀನಿ."

ಮಾವನವರು ಬಾಯಿ ತೆರೆದರು. ಎಡಗೈಯವನನ್ನು ಕೊಟ್ಟುಬಿಟ್ಟ ದಿನವೂ, ಕೊನೆಯ ಚೆಂಡು ಒಳಗೆ ಬಿದ್ದ ದಿನವೂ, ಹೊರಸಿನ ಮೇಲೆ ಆ ಹಳೆಯ ಆಟ ನೋಡಿದ ದಿನವೂ ಅವರ ಮುಖ ಇಷ್ಟು ಬಿಳುಚಿದ್ದನ್ನು ನಾನು ನೋಡಿರಲಿಲ್ಲ. ಅವನು ಹುಡುಗನಾಗಿದ್ದಾಗಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಆಟ ತೋರಿಸಿದ್ದರು.

"ಇಷ್ಟು ವರ್ಷ?" ಎಂದಷ್ಟೇ ಕೇಳಿದರು.

ಅವನು ತಲೆಯಾಡಿಸಿದ. ತಂಗಿ ಸ್ಟೂಲಿನಿಂದ ಇಳಿದು ಚಾಪೆಯ ಮೇಲೆ ಕುಳಿತಳು. ಮಾವನವರು ಇನ್ನೂ ಮಗನನ್ನೇ ನೋಡುತ್ತಿದ್ದುದರಿಂದ ಅತ್ತೆಯೇ ಬಟ್ಟಲಿನಿಂದ ಸಕ್ಕರೆ ತೆಗೆದು ಅವಳ ಬಾಯಿಗೆ ಹಾಕಿದರು.